ಸಾಹಸಕ್ಕೊಂದು ಆಸರೆ

ಸೋಲಿನ ಸಂಭವವೇ ಇಲ್ಲದ ಆಟದಲ್ಲಿ ಆಡುವವನಿಗೆ ಉತ್ಸಾಹವಿರದು, ನೋಡುವವನಿಗೆ ಕುತೂಹಲವಿರದು. ಆದರೆ ಒಂದೇ ಸೋಲಿನಿಂದ ಸರ್ವಸ್ವವೂ ನಾಶವಾಗುವಂತಿದ್ದರೆ ಆಡಲು ಮುಂದೆ ಬರುವವರಾರು? ಸಾವಿರಾರು ಜನರು ಅಂತರ್ಜಾಲದ ಮೂಲಕ ಏಕಕಾಲದಲ್ಲಿ ಆಡುವ ಆಟಗಳ ಅಳಿವು ಉಳಿವುಗಳು ಈ ಪ್ರಶ್ನೆಯನ್ನು ಬಹುಮಟ್ಟಿಗೆ ಅವಲಂಬಿಸಿವೆ.

1997ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದಲ್ಲಿ, ಪಟ್ಟಣದ ಕಾವಲಿನ ಎಲ್ಲೆಯನ್ನು ದಾಟಿದವರನ್ನು ಇತರ ಆಟಗಾರರು ಕೊಂದು ಅವರ ಸೊತ್ತನ್ನು ದೋಚಬಹುದಾಗಿತ್ತು. ಬಲಿಷ್ಠರಿಗೆ ಅದು ವಿನೋದ, ಹೊಸಬರಿಗೆ ಪ್ರಾಣಸಂಕಟ. 2000ದಲ್ಲಿ ನಿರ್ಮಾಪಕರು ಅದೇ ಲೋಕದ ಪ್ರತಿರೂಪವೊಂದನ್ನು ಸೃಷ್ಟಿಸಿ, ಅಲ್ಲಿ ಒಪ್ಪಿಗೆಯಿಲ್ಲದ ಆಕ್ರಮಣವನ್ನು ತಡೆದರು. ಬಹುಪಾಲು ಆಟಗಾರರು ಅಲ್ಲಿಗೆ ವಲಸೆ ಹೋದರು. ಹೊಸಬರಿಗೆ ನೆಮ್ಮದಿ ದೊರೆಯಿತು. ಹಳೆಯ ಲೋಕದ ರೋಮಾಂಚನ ಮಾತ್ರ ಅವರೊಡನೆ ಬರಲಿಲ್ಲ.

ಐಸ್‌ಲೆಂಡ್ ದೇಶದಲ್ಲಿ ರೂಪುಗೊಂಡು 2003ರಲ್ಲಿ ಆರಂಭವಾದ ‘ಈವ್ ಆನ್‌ಲೈನ್’ ಬೇರೊಂದು ದಾರಿಯನ್ನು ಹಿಡಿಯಿತು. ಅಲ್ಲಿ ಆಟಗಾರರು ಆಕಾಶನೌಕೆಗಳ ಒಡೆಯರು. ನಾಶವಾದ ನೌಕೆ ಮರಳಿ ಬಾರದು. ಆದರೆ ವಿಮೆ ಮಾಡಿಸಿದವನಿಗೆ ಅದರ ಬೆಲೆಯಲ್ಲಿ ಒಂದು ಪಾಲು ದೊರೆಯುತ್ತದೆ. ಮಡಿದ ನಾವಿಕನು ಹೊಸ ದೇಹದಲ್ಲಿ ಎಚ್ಚರಗೊಳ್ಳುತ್ತಾನೆ. ಅಂಜುವವನು ಕಾವಲಿರುವ ಪ್ರದೇಶದಲ್ಲಿ ಅಲ್ಪಲಾಭದಿಂದ ತೃಪ್ತನಾಗಿರಬಹುದು. ಸಾಹಸಿಯು ಕಾವಲಿಲ್ಲದ ದೂರಪ್ರದೇಶಗಳಿಗೆ ಹೋಗಿ ಹೆಚ್ಚು ಗಳಿಸಬಹುದು. ನೌಕೆಗಳನ್ನು ಬಹುಮಟ್ಟಿಗೆ ಆಟಗಾರರೇ ನಿರ್ಮಿಸಿ ಮಾರುವುದರಿಂದ ಒಬ್ಬನ ನಷ್ಟವು ಇನ್ನೊಬ್ಬನಿಗೆ ಉದ್ಯೋಗವಾಗುತ್ತದೆ. 2014ರ ಜನವರಿಯಲ್ಲಿ ನಡೆದ ಮಹಾಸಮರದಲ್ಲಿ 7,000ಕ್ಕೂ ಹೆಚ್ಚು ಮಂದಿ ಭಾಗವಹಿಸಿದರು. ಸುಮಾರು 21 ಗಂಟೆಗಳ ಆ ಕಾದಾಟದಲ್ಲಿ ‘ಟೈಟನ್’ ಎಂಬ 75 ಬೃಹನ್ನೌಕೆಗಳು ನಾಶವಾದವು. ಅಷ್ಟಾದರೂ ಆಟ ನಿಲ್ಲಲಿಲ್ಲ, ಇಂದಿಗೂ ನಡೆಯುತ್ತಿದೆ.

ಆಟವನ್ನು ಜನಪ್ರಿಯಗೊಳಿಸಲು ಅಪಾಯವನ್ನೆಲ್ಲ ತೆಗೆದುಹಾಕಬೇಕೆಂದು ಕೆಲವರು ವಾದಿಸುವುದುಂಟು. ದುರ್ಬಲರು ಸೋತು ಕಲಿಯಲಿ ಎನ್ನುವವರೂ ಉಂಟು. ಈ ಎರಡು ವಾದಗಳೂ ಅರ್ಧಸತ್ಯಗಳು. ಮೊದಲನೆಯದು ಆಟಗಾರನನ್ನು ಸೋಮಾರಿಯನ್ನಾಗಿಸುತ್ತದೆ. ಎರಡನೆಯದು ಅವನನ್ನು ಓಡಿಸಿಬಿಡುತ್ತದೆ. ನಷ್ಟವು ನಿಜವಾಗಿರಬೇಕು, ಆದರೆ ಸಹಿಸಬಹುದಾದಷ್ಟಿರಬೇಕು. ಅಪಾಯಕ್ಕೆ ಇಳಿಯುವ ನಿರ್ಧಾರವು ಆಟಗಾರನದೇ ಆಗಿರಬೇಕು.

ಹಿಂದೆ ಹಳ್ಳಿಗಳಲ್ಲಿ ಈಜು ಕಲಿಸುವ ಹಿರಿಯರು ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬುರುಡೆಯಿಂದ ನೀರಿನ ಆಳವೇನೂ ಕಡಿಮೆಯಾಗುತ್ತಿರಲಿಲ್ಲ. ಮಕ್ಕಳ ಧೈರ್ಯ ಹೆಚ್ಚುತ್ತಿತ್ತು. ಆಟಗಳ ನಿಯಮಗಳನ್ನು ರೂಪಿಸುವವರಿಗೂ ಈ ವಿವೇಕವು ಅಗತ್ಯ.