ಅಭಿವೃದ್ಧಿ ಕರ ಯಾರು ಕೊಡಬೇಕು?

'ನವಲಗುಂದದ ಕಡೆ ನಾಲ್ಕೆಕರೆ ಎರಿಹೊಲ ಹಿಡದಿಡು. ಮಹದಾಯಿ ನೀರು ಬಂತಂದ್ರ ರೇಟ್ ಎಲ್ಲಿಗೋ ಹೋಗತೈತಿ.' ಹುಬ್ಬಳ್ಳಿಯ ಗೆಳೆಯನ ಸಲಹೆ ಇದು. ದುಡ್ಡು ಸಾಲದಿದ್ದರೆ ನಾಲ್ವರು ಕೂಡಿ ಕೊಳ್ಳಬೇಕು, ಏಜೆಂಟರ ವಾಟ್ಸಾಪ್ ಗುಂಪು ಸೇರಬೇಕು. ಹೂಡಿಕೆಯ ಮೊದಲ ಪಾಠವಂತೆ.

ಈ ಲೆಕ್ಕಾಚಾರ ನವಲಗುಂದಕ್ಕೆ ಹೊಸದಲ್ಲ. ಮಲಪ್ರಭಾ ಕಾಲುವೆಯಿಂದ ಹೊಲದ ಬೆಲೆ ಏರುತ್ತದೆಂದು ಸರ್ಕಾರ ಇದೇ ರೈತರ ಮೇಲೆ ಅಭಿವೃದ್ಧಿ ಕರ ಹೇರಿತ್ತು. ನೀರೇ ಸರಿಯಾಗಿ ಬಾರದೆ ಕರವೇಕೆ ಎಂದು ಅವರು ಕೇಳಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ಜೀವಗಳು ಹೋದವು. ಮಹದಾಯಿಯ ನೀರನ್ನು ಮಲಪ್ರಭೆಗೆ ತರುವ ಕಳಸಾ–ಬಂಡೂರಿಗಾಗಿ 2015ರಲ್ಲಿ ಬೀದಿಗಿಳಿದವರೂ ಈ ಸೀಮೆಯವರೇ.

ಹೋರಾಟ ಅವರದು, ಲಾಭ ಯಾರದು? ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಹಳ್ಳಿಯ ಕೃಷಿಭೂಮಿ ಮಾರಿದ ಲಾಭಕ್ಕೆ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ರೈತನಿಗೆಂದು ಇರುವ ಆ ವಿನಾಯಿತಿಯ ನೆರಳಲ್ಲಿ ಈಗ ಹೂಡಿಕೆದಾರನೂ ಬಂದು ಕೂರುತ್ತಾನೆ.

'ಮಾರುವವನಿಗೂ ದುಡ್ಡು ಬೇಕಲ್ಲ?' ಬೇಕು. ಸಾಲ, ಮಗಳ ಮದುವೆ ಕಾಯುವುದಿಲ್ಲ. ಆದ್ದರಿಂದಲೇ ಅವನು ಬರಗಾಲದ ರೇಟಿಗೆ ಮಾರುತ್ತಾನೆ. ಕೊಂಡವನು ಮಾತ್ರ ಕಾಯಬಲ್ಲ. ಕೊಳ್ಳುವವರಿಗೆ ಗುಂಪಿದೆ, ಮಾರುವವನು ಒಬ್ಬಂಟಿ.

ನೀರು ಬರುವ ಮೊದಲೇ ಉಳುವವನಿಂದ ಕೇಳಿದ ಕರವನ್ನು, ನೀರು ಬಂದ ಮೇಲೆ ಉಳದೆ ಮಾರುವವನಿಂದ ಕೇಳಲಿ. ಗೆಳೆಯಾ, ನಿನ್ನ ಗುಂಪಿಗೆ ನಾನು ಬರುವುದಿಲ್ಲ.