ಮರಿಯ ಮೊದಲ ಹದಿನಾರು ವಾರ

ಪರೀಕ್ಷೆ ಮುಗಿದು ರಜೆ ಬಂದರೆ ಮಕ್ಕಳ ಬೇಡಿಕೆಗಳಲ್ಲಿ ನಾಯಿಮರಿಯೂ ಒಂದು. ಶಿವಾಜಿನಗರದ ಅಂಗಡಿಯಲ್ಲಿ ಕೊಂಡ ಜಾತಿ ಮರಿಯಾಗಲಿ, ಹಲಸೂರಿನ ಬೀದಿಯಿಂದ ಎತ್ತಿಕೊಂಡು ಬಂದ ಮರಿಯಾಗಲಿ, ಮನೆ ಸೇರಿದ ದಿನವೇ ಅದಕ್ಕೆ ಹೆಸರಿಡುವ ಸಡಗರ. ಹಾಲು, ಬಿಸ್ಕೆಟ್, ಕೊರಳಿಗೆ ಬೆಲ್ಟು ಎಲ್ಲವೂ ಬರುತ್ತವೆ. ಪಶುವೈದ್ಯರು ಮಾತ್ರ ನೆನಪಾಗುವುದು ಮರಿ ಊಟ ಬಿಟ್ಟಾಗ. ಎಷ್ಟೋ ಸಲ ಆ ವೇಳೆಗೆ ತಡವಾಗಿರುತ್ತದೆ.

ಮರಿಗಳ ದೊಡ್ಡ ಶತ್ರು ಪಾರ್ವೊ. 1970ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡು ಬೇಗನೆ ಜಗತ್ತಿಗೆಲ್ಲ ಹಬ್ಬಿದ ರೋಗವಿದು. ವಾಂತಿ, ರಕ್ತ ಬೆರೆತ ಭೇದಿ. ಎರಡು ಮೂರು ದಿನಗಳಲ್ಲೇ ಮರಿ ಸಾಯಬಹುದು. ಇದರ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಮ್ಮ ಚಪ್ಪಲಿಗೆ ಅಂಟಿ ಮನೆಯೊಳಕ್ಕೂ ಬರುತ್ತದೆ. ಆದ್ದರಿಂದ 'ನಮ್ಮ ಮರಿ ಹೊರಗೇ ಹೋಗುವುದಿಲ್ಲ' ಎಂಬ ಮಾತು ರಕ್ಷಣೆಯಲ್ಲ.

'ಒಂದು ಇಂಜೆಕ್ಷನ್ ಆಯಿತಲ್ಲ, ಮತ್ತೆ ಮತ್ತೆ ಏಕೆ?' ಎಂದು ಅನೇಕರು ಕೇಳುತ್ತಾರೆ. ಹುಟ್ಟಿದ ಮರಿಗೆ ತಾಯಿಯ ಮೊದಲ ಹಾಲಿನಿಂದ ರೋಗನಿರೋಧಕ ಶಕ್ತಿ ದೊರೆಯುತ್ತದೆ. ಅದು ಇರುವವರೆಗೆ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಈ ಶಕ್ತಿ ಒಂದು ಮರಿಯಲ್ಲಿ ಎಂಟನೆಯ ವಾರಕ್ಕೆ ಕುಗ್ಗಿದರೆ ಇನ್ನೊಂದರಲ್ಲಿ ಹದಿನಾಲ್ಕಕ್ಕೆ ಕುಗ್ಗಬಹುದು. ಹೀಗಾಗಿ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆ ಹಾಕಿಸಬೇಕು. ನಡುವೆ ಬಿಟ್ಟರೆ ಮೊದಲು ಹಾಕಿಸಿದ್ದೂ ವ್ಯರ್ಥವಾಗಬಹುದು.

ಹುಚ್ಚುನಾಯಿ ರೋಗದ ಅಂದರೆ ರೇಬಿಸ್‌ನ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮುಂದುವರಿಸಬೇಕು. ಇದು ನಾಯಿಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ರಕ್ಷೆ. ಇಂದಿರಾನಗರದ ಹಳೆ ಮದ್ರಾಸ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯನ್ನು ಹಳಬರು 'ಐಸೊಲೇಷನ್ ಆಸ್ಪತ್ರೆ' ಎಂದೇ ಕರೆಯುತ್ತಾರೆ. ರೇಬಿಸ್ ಉಲ್ಬಣಿಸಿದವರನ್ನು ದಶಕಗಳಿಂದ ಅಲ್ಲಿಗೆ ಸೇರಿಸುತ್ತ ಬಂದಿದ್ದಾರೆ. ಲಕ್ಷಣ ಕಾಣಿಸಿದ ಮೇಲೆ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದಕ್ಕೆ ಬಲಿಯಾಗುತ್ತಾರೆ. ನೂರರಲ್ಲಿ ನಲವತ್ತು ಮಂದಿ 15 ವರ್ಷದೊಳಗಿನವರು. ಮನುಷ್ಯರಿಗೆ ಈ ರೋಗ ತಗಲುವುದು ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಗಳಿಂದಲೇ.

ಮಕ್ಕಳೇ, ನಾಯಿ ಕಚ್ಚಿದರೆ, ಪರಚಿದರೆ, ಅದು ಮನೆಯ ನಾಯಿಯೇ ಆದರೂ, ಆ ಕ್ಷಣವೇ ಮನೆಯಲ್ಲಿ ಹೇಳಿ. ಗಾಯವನ್ನು ನಲ್ಲಿ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರ ಬಳಿ ಹೋಗಬೇಕು. ಅರಿಸಿನ, ಸುಣ್ಣ, ಕಾರದ ಪುಡಿ ಮೆತ್ತಬಾರದು. ತಂದೆ ತಾಯಂದಿರೇ, ಹೇಳಿಕೊಂಡ ಮಗುವನ್ನು ಗದರಿಸಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಸಣ್ಣ ಗಾಯವೂ ಪ್ರಾಣಕ್ಕೆ ಎರವಾಗಬಲ್ಲದು.

ಇನ್ನು ಜಂತುಹುಳು. ಇವು ಎಷ್ಟೋ ಮರಿಗಳಿಗೆ ತಾಯಿಯಿಂದಲೇ ಬಂದಿರುತ್ತವೆ. ಇವುಗಳ ಮೊಟ್ಟೆ ಮಣ್ಣಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಸೇರುವುದುಂಟು. ಔಷಧಿಯ ಪ್ರಮಾಣ ಮರಿಯ ತೂಕದ ಮೇಲಿರುತ್ತದೆ, ಅಂದಾಜಿನಲ್ಲಿ ಕೊಡಬಾರದು. ಕೆ.ಆರ್. ಪುರದ ಕಡೆಯ ತಗ್ಗು ಬಡಾವಣೆಗಳಂತೆ ಮಳೆನೀರು ನಿಲ್ಲುವಲ್ಲಿ ಇಲಿಜ್ವರದ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಇಲಿಯ ಮೂತ್ರ ಬೆರೆತ ನೀರಿನಿಂದ ನಾಯಿಗೂ ಮನುಷ್ಯನಿಗೂ ಬರುವ ರೋಗವದು. ದಿನವೂ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಡುಕುವ ಕೆಲಸವನ್ನು ಮನೆಯ ದೊಡ್ಡ ಹುಡುಗನೋ ಹುಡುಗಿಯೋ ವಹಿಸಿಕೊಳ್ಳಬಹುದು. ಆಮೇಲೆ ಕೈ ತೊಳೆದರಾಯಿತು.

ಖರ್ಚಿನ ಚಿಂತೆ ಇರುವವರಿಗೆ ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದ್ದು, ಅಲ್ಲಿಯೂ ಆಸ್ಪತ್ರೆಯಿದೆ. ಎಲ್ಲಿಗೆ ಹೋದರೂ ಲಸಿಕೆಯ ಕಾರ್ಡ್ ಮರೆಯಬೇಡಿ. ಅದರಲ್ಲಿ ಬರೆದ ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳ ಕೈಯಿಂದಲೇ ಗುರುತು ಹಾಕಿಸಿ. ನಾಯಿ ಬೇಕೆಂದು ಹಟ ಹಿಡಿದವರಿಗೆ ಆ ತಾರೀಖನ್ನು ನೆನಪಿಡುವ ಹೊಣೆಯೂ ಇರಲಿ.