ನೆಲದೊಳಗಿನ ಒಲೆ ಮತ್ತು ಬಾವಿಯ ನೀರು

ಪರಶುರಾಂಪುರದ ಕಡೆ ಎಣ್ಣೆಯೆಂದರೆ ಶೇಂಗಾ ಎಣ್ಣೆ. ಬೀಜವನ್ನು ಅರೆದು ಹಿಂಡಿದರೆ ಎಣ್ಣೆ; ಉಳಿದ ಹಿಂಡಿ ದನಗಳ ಪಾಲು. ಚಳ್ಳಕೆರೆಯ ಗಿರಣಿಗಳನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಕಲ್ಲಿನಿಂದಲೂ ಎಣ್ಣೆ ತೆಗೆಯಬಹುದು ಎಂದಾಗ, ನಮ್ಮ ಕರಿಯ ಪದರುಗಲ್ಲಿನಲ್ಲಿಯೂ ಅದು ಇದ್ದೀತೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇಲ್ಲ. ಎಣ್ಣೆಗಲ್ಲು, ಅಂದರೆ ಆಯಿಲ್ ಷೇಲ್, ಹಿಂದಿನ ಕೆರೆ ಕಡಲುಗಳ ತಳದಲ್ಲಿ ಪಾಚಿಯೂ ಕೆಸರೂ ಕೂಡಿ ಗಟ್ಟಿಯಾದ ಶಿಲೆ. ಅದರಲ್ಲಿರುವುದು ಎಣ್ಣೆಯಲ್ಲ, ಕೆರೋಜೆನ್ ಎಂಬ ಘನವಸ್ತು. ಬೇಯಿಸಿದಲ್ಲದೆ ಅದು ಎಣ್ಣೆಯಾಗದು. ಚಿತ್ರದುರ್ಗದ ಪದರುಶಿಲೆಗಳಾದರೋ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯವು. ಅವುಗಳನ್ನು ಭೂಮಿಯೇ ಎಂದೋ ಬೇಯಿಸಿ ಮುಗಿಸಿದೆ. ಅಲ್ಲಲ್ಲಿ ಉಳಿದಿರುವುದು ಬರಿಯ ಇಂಗಾಲ. ನಮ್ಮ ದೇಶದಲ್ಲಿ ಎಣ್ಣೆಗಲ್ಲನ್ನು ಹುಡುಕಬೇಕಾದುದು ಅಸ್ಸಾಂ ಮತ್ತು ಅರುಣಾಚಲಗಳಲ್ಲಿ.

ಕಲ್ಲನ್ನು ಅಗೆಯದೆ ಇದ್ದಲ್ಲಿಯೇ ಕಾಯಿಸುವ ಉಪಾಯ ಹೊಸದಲ್ಲ. 1940ರ ದಶಕದಲ್ಲಿ ಸ್ವೀಡನ್ನಿನ ಕ್ವಾರ್ನ್‌ಟಾರ್ಪ್‌ನಲ್ಲಿ ಯೂಂಗ್‌ಸ್ಟ್ರೋಮ್ ಎಂಬ ಇಂಜಿನಿಯರರು ಕೊಳವೆಗಳಲ್ಲಿ ವಿದ್ಯುತ್ ಕಾವಲಿಗಳನ್ನು ಇಳಿಸಿ ತಿಂಗಳುಗಟ್ಟಲೆ ನೆಲವನ್ನು ಕಾಯಿಸಿದರು. ಅಮೆರಿಕದ ಕೊಲೊರಾಡೋದಲ್ಲಿ ಷೆಲ್ ಕಂಪನಿಯು ಇದೇ ದಾರಿ ಹಿಡಿದು, ಸುಮಾರು 350 ಡಿಗ್ರಿ ಸೆಂಟಿಗ್ರೇಡಿನ ಶಾಖದಿಂದ, 30 ಅಡಿ ಅಗಲ 40 ಅಡಿ ಉದ್ದದ ತುಣುಕು ನೆಲದಿಂದ 2005ರ ಹೊತ್ತಿಗೆ ಸುಮಾರು 1,700 ಪೀಪಾಯಿ ಎಣ್ಣೆ ತೆಗೆಯಿತು. 2013ರಲ್ಲಿ ಆ ಕೆಲಸವನ್ನೇ ಬಿಟ್ಟಿತು.

ಪೀಪಾಯಿಗಳ ಸಂಖ್ಯೆಯನ್ನು ನೋಡಿ ಬೆರಗಾಗುವ ಮುನ್ನ ಲೆಕ್ಕ ಹಾಕೋಣ. ಒಂದು ಟನ್ ಕಲ್ಲಿನ ಶಾಖವನ್ನು 300 ಡಿಗ್ರಿಯಷ್ಟು ಏರಿಸಲು ಸುಮಾರು 85 ಯೂನಿಟ್ ವಿದ್ಯುತ್ ಬೇಕು. ಅಷ್ಟನ್ನು ಉತ್ಪಾದಿಸಲು ಕಲ್ಲಿದ್ದಲ ವಿದ್ಯುದಾಗಾರವು ಅದರ ಮೂರರಷ್ಟು, ಅಂದರೆ 250 ಯೂನಿಟ್‌ಗಳಷ್ಟು ಶಾಖವನ್ನು ಸುಡುತ್ತದೆ. ಟನ್ನಿಗೆ 100 ಲೀಟರ್ ಎಣ್ಣೆ ಕೊಡುವ ಕಲ್ಲಾದರೆ ಸುಮಾರು 1,000 ಯೂನಿಟ್ ಶಕ್ತಿ ಕೈಸೇರಿ ಲಾಭವೇ. 35 ಲೀಟರ್ ಕೊಡುವ ಬಡಕಲ್ಲಾದರೆ 350 ಮಾತ್ರ. ಕಲ್ಲಿನೊಳಗಿನ ನೀರನ್ನು ಆವಿಯಾಗಿಸುವುದಕ್ಕೂ ಬದಿಗೆ ಸೋರುವ ಶಾಖಕ್ಕೂ ಉಳಿದದ್ದೆಲ್ಲ ಹೋಗುತ್ತದೆ. ಇನ್ನೊಂದು ತೊಡಕು: ಪ್ರಯೋಗದ ತುಣುಕು ಚಿಕ್ಕದಾದಷ್ಟೂ ಸೋರಿಕೆಯ ಪಾಲು ಹೆಚ್ಚು. ಹತ್ತು ಮೀಟರಿನ ಘನದಲ್ಲಿ ಗಾತ್ರಕ್ಕೆ ಬೀಳುವ ಮೇಲ್ಮೈ ನೂರು ಮೀಟರಿನ ಘನದ್ದಕ್ಕಿಂತ ಹತ್ತರಷ್ಟು. ಆದುದರಿಂದ ಪ್ರಾಯೋಗಿಕ ಪರೀಕ್ಷೆಯ ಎಣ್ಣೆಯ ಅಂಕಿಯು ಮುಂದಿನ ಲಾಭವನ್ನಾಗಲಿ ನಷ್ಟವನ್ನಾಗಲಿ ನೇರವಾಗಿ ಹೇಳಲಾರದು. ಹಾಗಾದರೆ ಪರೀಕ್ಷೆ ಏತಕ್ಕೆ? ಬೇಯಿಸಿದ ಕಲ್ಲು ಸುತ್ತಣ ನೀರಿಗೆ ಏನು ಮಾಡುತ್ತದೆಂಬುದನ್ನು ಅರಿಯುವುದಕ್ಕೇ ಎಂದು ನಾವು ಹೇಳುತ್ತೇವೆ.

ಈ ಮಾತನ್ನು ಹೇಳಲು ಬಯಲುಸೀಮೆಯವರಾದ ನಮಗೆ ಅಧಿಕಾರವುಂಟು. ನೆಲದ ಮೇಲೆ ಬದು ಉಂಟು, ನೆಲದೊಳಗೆ ಇಲ್ಲ. ಒಬ್ಬನು ಕೊಳವೆಬಾವಿಯನ್ನು ಆಳಕ್ಕೆ ಕೊರೆಸಿದರೆ ನೆರೆಯವನದು ಬತ್ತುವುದನ್ನು ವೇದಾವತಿಯ ದಂಡೆಯ ಹಳ್ಳಿಗಳು ಕಂಡಿವೆ. ಕಲ್ಲಿನಿಂದ ಸದ್ದಿಲ್ಲದೆ ನೀರಿಗಿಳಿಯುವ ಫ್ಲೋರೈಡ್, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಯಾಗಿ ಕಾಣಿಸಿಕೊಳ್ಳುವುದನ್ನೂ ಕಂಡಿದ್ದೇವೆ. ಬೇಯಿಸಿದ ಎಣ್ಣೆಗಲ್ಲಿನಲ್ಲಿ ಬೆಂಜೀನ್, ಫೀನಾಲ್ ಮೊದಲಾದ ವಿಷಗಳು ಉಳಿಯುತ್ತವೆ. ಗಿರಣಿಯ ಹಿಂಡಿಯಂತೆ ಅದನ್ನು ಹೊರಗೆ ಸಾಗಿಸುವಂತಿಲ್ಲ. ಅದು ಅಲ್ಲಿಯೇ, ನೀರಿನ ದಾರಿಯಲ್ಲಿಯೇ, ಇರುತ್ತದೆ. ಈ ಭಯದಿಂದಲೇ ಷೆಲ್ ಕಂಪನಿಯು ತಂಪುದ್ರವದ ಕೊಳವೆಗಳನ್ನು ಸುತ್ತಲೂ ಇಳಿಸಿ, ನೆಲದ ನೀರನ್ನೇ ಹೆಪ್ಪುಗಟ್ಟಿಸಿ ಹಿಮದ ಗೋಡೆ ಕಟ್ಟುವುದನ್ನೂ ಪರೀಕ್ಷಿಸಿತು. ಒಲೆಗೊಂದು ಖರ್ಚು, ಒಲೆಯ ಸುತ್ತ ಮಂಜಿನ ಕೋಟೆಗೊಂದು ಖರ್ಚು!

ಇದು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ಜಾರ್ಖಂಡದ ಕಾಸ್ತಾದಲ್ಲಿ ಕಲ್ಲಿದ್ದಲನ್ನು ನೆಲದೊಳಗೇ ಅನಿಲವಾಗಿಸುವ ಪ್ರಾಯೋಗಿಕ ಯೋಜನೆಯು 2024ರ ಜೂನ್‌ನಲ್ಲಿ ಆರಂಭವಾಯಿತು. ಮೊದಲು ಕೊರೆದು ಕಲ್ಲನ್ನು ಪರೀಕ್ಷಿಸುವುದೆಂದು ಗೊತ್ತುಮಾಡಿದ್ದು ಸರಿಯಾದ ಕ್ರಮವೇ. ಆಸ್ಟ್ರೇಲಿಯದ ಚಿಂಚಿಲ್ಲಾದಲ್ಲಿ ಇದೇ ಬಗೆಯ ಕೆಲಸದಿಂದ ಹೊಲಗಳ ಮಣ್ಣಿನೊಳಕ್ಕೆ ಅನಿಲ ಸೋರಿತು. ಕ್ವೀನ್ಸ್‌ಲೆಂಡ್ ಸರ್ಕಾರವು 2016ರಲ್ಲಿ ಆ ವಿಧಾನವನ್ನೇ ನಿಷೇಧಿಸಿತು. 2018ರಲ್ಲಿ ನ್ಯಾಯಾಲಯವು ದಂಡ ವಿಧಿಸುವ ಹೊತ್ತಿಗೆ ಆ ಕಂಪನಿಯೇ ಮುಚ್ಚುವ ದಾರಿ ಹಿಡಿದಿತ್ತು.

ನಾವು ಪ್ರಯೋಗದ ವಿರೋಧಿಗಳಲ್ಲ. ಅಸ್ಸಾಮಿನಲ್ಲಿ ಎಣ್ಣೆಗಲ್ಲನ್ನು ಕಾಯಿಸುವ ಯೋಜನೆ ನಾಳೆ ಸಿದ್ಧವಾಗುವುದಾದರೆ, ಮೊದಲ ಕಾವಲಿಯನ್ನು ಇಳಿಸುವ ಮುನ್ನ ಸುತ್ತಣ ಬಾವಿಗಳ ನೀರನ್ನು ಒಂದು ವರ್ಷದ ಎಲ್ಲ ಋತುಗಳಲ್ಲಿ ಪರೀಕ್ಷಿಸಬೇಕು. ಮಳೆಗಾಲದ ನೀರೇ ಬೇರೆ, ಬೇಸಗೆಯ ನೀರೇ ಬೇರೆ ಎಂಬುದು ಬಾವಿ ಸೇದುವ ಯಾವ ಹೆಂಗಸಿಗೂ ಗೊತ್ತು. ಆ ಅಂಕಿಗಳು ಊರಿನವರ ಭಾಷೆಯಲ್ಲಿ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಒಲೆ ಆರಿದ ಬಳಿಕವೂ ಹತ್ತು ವರ್ಷ ನೀರಿನ ಪರೀಕ್ಷೆ ನಡೆಯಲು ತಗಲುವ ಹಣವನ್ನು, ಕಂಪನಿ ಉಳಿದರೂ ಉಳಿಯದಿದ್ದರೂ ಕೈಗೆ ಸಿಗುವಂತೆ, ಕೆಲಸ ಆರಂಭಿಸುವ ದಿನವೇ ಬೇರೆಯಾಗಿ ಠೇವಣಿ ಇಡಿಸಬೇಕು.